ಡಿಫೆನ್ಸ್‌ಮನ್‌ಗೆ ರೇಟ್ ಕಟ್ಟುವ ಆ್ಯಪ್: ದುಡ್ಡು ಕೊಟ್ಟು ಬಳಸಿ ನೋಡಿದ್ದು

ಐಸ್ ಹಾಕಿಯ ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲಿನಲ್ಲಿ, ಯಾರಿಗೆ ಲಾಭ ಅಂತ ಲೆಕ್ಕ ಹಾಕುವ ಈ ಆ್ಯಪ್‌ಗೆ ಐದರಲ್ಲಿ ಎರಡೂವರೆ ಸ್ಟಾರ್ ಕೊಡುತ್ತಿದ್ದೇನೆ. ಬರೀ ಫಾರ್ವರ್ಡ್‌ಗಳ ಟ್ರೇಡ್ ನೋಡಲಿಕ್ಕೆ ಆದರೆ ಇನ್ನೊಂದು ಸ್ಟಾರ್ ಜಾಸ್ತಿ ಹಾಕುತ್ತಿದ್ದೆ. ಆದರೆ ಡಿಫೆನ್ಸ್‌ಮನ್, ಅಂದರೆ ಹಿಂದೆ ನಿಂತು ಗೋಲು ತಡೆಯುವವನು, ಬಂದ ಕೂಡಲೇ ಇದರ ಲೆಕ್ಕ ಹಳಿ ತಪ್ಪುತ್ತದೆ. ನಮ್ಮ ಗುಂಪಿನಲ್ಲಿ ನಿದ್ದೆಗೆಟ್ಟು ವಾದ ನಡೆಯುವುದೇ ಡಿಫೆನ್ಸ್‌ಮನ್‌ಗಳ ರೇಟಿನ ಬಗ್ಗೆ. ಸರಿಯಾಗಿ ಅಲ್ಲಿಯೇ ಕೈಕೊಡುವ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಾ ಅನ್ನುವುದು ಪ್ರಶ್ನೆ.

ಆ್ಯಪಿನ ಹೆಸರು ಹಾಕುವುದಿಲ್ಲ. ನನ್ನ ತಕರಾರು ಅದನ್ನು ಮಾಡಿದವರ ಮೇಲೆ ಅಲ್ಲ, ಲೆಕ್ಕ ಹಾಕುವ ರೀತಿಯ ಮೇಲೆ. ಇಂಥ ಟ್ರೇಡ್ ಕ್ಯಾಲ್ಕ್ಯುಲೇಟರ್ ಯಾವುದನ್ನು ನೀವು ತೆಗೆದುಕೊಂಡರೂ ಇಲ್ಲಿ ಹೇಳಿದ್ದನ್ನು ಹಾಕಿ ಪರೀಕ್ಷೆ ಮಾಡಬಹುದು.

ಮಂಗಳೂರಿನಲ್ಲಿ ಐಸ್ ಹಾಕಿ ಯಾರು ನೋಡುತ್ತಾರೆ ಅಂತ ಕೇಳುವವರಿಗೆ ಒಂದು ಮಾತು. ಬೆಂದೂರು, ಬಿಜೈ, ಕುಲಶೇಖರ ಕಡೆ ಕೆನಡಾದಲ್ಲಿ ಜನ ಇರುವ ಮನೆಗಳು ಬೇಕಾದಷ್ಟು ಉಂಟು. ಮಕ್ಕಳು, ಅಣ್ಣತಮ್ಮಂದಿರು ಟೊರಾಂಟೊ ಸುತ್ತಮುತ್ತ ಹೋಗಿ ನೆಲೆಸಿದ್ದಾರೆ, ಅವರಿಂದ ಈ ಆಟದ ಹುಚ್ಚು ಇಲ್ಲಿಗೂ ಹತ್ತಿದೆ. ನಮ್ಮದು ಒಂದು ಫ್ಯಾಂಟಸಿ ಲೀಗ್. ಅರ್ಧ ಜನ ಮಂಗಳೂರು, ಕೆಲವರು ಮಣಿಪಾಲ, ಉಡುಪಿ, ಮತ್ತೆ ಮಿಸಿಸಾಗಾದಲ್ಲಿ ನಮ್ಮ ಭಾವ. ಅಲ್ಲಿ ಸಂಜೆ 7ಕ್ಕೆ ಶುರುವಾಗುವ ಮ್ಯಾಚ್ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 5:30ಕ್ಕೆ. ಎದ್ದು ಕಾಫಿ ಹಿಡಿದುಕೊಂಡು ನೋಡಿ ಮುಗಿಸಿ ಕೆಲಸಕ್ಕೆ ಹೋಗಬಹುದು, ಕ್ರಿಕೆಟಿಗಿಂತ ಸುಲಭ. ಕಷ್ಟ ಇರುವುದು ಮಾರ್ಚ್‌ನ ಟ್ರೇಡ್ ಡೆಡ್‌ಲೈನ್ ದಿನ, ಅಂದರೆ ಆ ಸೀಸನ್ನಿನ ಟ್ರೇಡ್‌ಗೆ ಕೊನೆಯ ದಿನ ಮಾತ್ರ. ಅಲ್ಲಿನ ಮಧ್ಯಾಹ್ನ 3 ಗಂಟೆ ಅಂದರೆ ಇಲ್ಲಿ ರಾತ್ರಿ ಒಂದೂವರೆ.

ಆ್ಯಪ್ ಮಾಡುವ ಕೆಲಸ ಇಷ್ಟು. ಸ್ಕ್ರೀನಿನ ಎಡಗಡೆ ಒಂದು ತಂಡ, ಬಲಗಡೆ ಒಂದು ತಂಡ. ಆಟಗಾರರನ್ನು, ಡ್ರಾಫ್ಟ್ ಪಿಕ್‌ಗಳನ್ನು (ಪ್ರತಿ ವರ್ಷ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಹಕ್ಕು) ಎಳೆದು ಹಾಕಿದರೆ ಪ್ರತಿಯೊಂದಕ್ಕೂ ಒಂದು ಅಂಕ ಬರುತ್ತದೆ. ಕೆಳಗೆ ತಕ್ಕಡಿ. ಯಾವ ಕಡೆ ವಾಲಿತೋ ಆ ಕಡೆಯವರಿಗೆ ಲಾಭ ಅಂತ ತೀರ್ಪು. ಹೊಸಬರಿಗೆ ಹೇಳಬೇಕಾದ್ದು, ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 32 ತಂಡಗಳ ನಡುವೆ ಫುಟ್‌ಬಾಲ್ ಹಾಗೆ ದುಡ್ಡು ಕೊಟ್ಟು ಆಟಗಾರನನ್ನು ಕೊಳ್ಳುವ ಪದ್ಧತಿ ಇಲ್ಲ. ಆಟಗಾರನ ಬದಲಿಗೆ ಆಟಗಾರ ಅಥವಾ ಡ್ರಾಫ್ಟ್ ಪಿಕ್. ಆಟಗಾರ ಬರುವಾಗ ಅವನ ಸಂಬಳದ ಕರಾರೂ ಜೊತೆಗೇ ಬರುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಜಗಳವೂ ಅಲ್ಲಿಗೇ ಬಂದು ನಿಲ್ಲುತ್ತದೆ.

ನಮ್ಮ ಟರ್ಫ್ ಹಾಕಿಯಲ್ಲಿ ಡಿಫೆಂಡರ್‌ಗೆ ರೇಟ್ ಕಟ್ಟುವುದು ಇದಕ್ಕಿಂತ ಸಲೀಸು. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಿದ್ದದ್ದು ಹರ್ಮನ್‌ಪ್ರೀತ್ ಸಿಂಗ್‌ಗೆ, 78 ಲಕ್ಷ ರೂಪಾಯಿ. ಮಹಿಳೆಯರಲ್ಲಿ ಉದಿತಾ, 32 ಲಕ್ಷ. ಇಬ್ಬರೂ ಡಿಫೆಂಡರ್‌ಗಳೇ. ಪೆನಾಲ್ಟಿ ಕಾರ್ನರ್ ಇದ್ದಲ್ಲಿ ಡ್ರ್ಯಾಗ್‌ಫ್ಲಿಕ್ ಹೊಡೆಯುವ ಡಿಫೆಂಡರ್‌ಗೆ ಬೆಲೆ ಬರುವುದು ಸಹಜ, ಅದು ಕಣ್ಣಿಗೆ ಕಾಣುವ ಗೋಲು. ಐಸ್ ಹಾಕಿಯಲ್ಲಿ ಡಿಫೆನ್ಸ್‌ಮನ್‌ನ ಅರ್ಧ ಕೆಲಸ ಕಾಣುವುದೇ ಇಲ್ಲ. ಎದುರಾಳಿ ಶಾಟ್ ಹೊಡೆಯುವ ಮೊದಲೇ ಅವನನ್ನು ಬೋರ್ಡಿನ (ಅಂಗಳದ ಸುತ್ತಲಿನ ಗೋಡೆ) ಕಡೆ ತಳ್ಳಿ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಕಿತ್ತುಕೊಂಡರೆ ಸ್ಕೋರ್‌ಶೀಟಿನಲ್ಲಿ ಅದಕ್ಕೆ ಜಾಗ ಎಲ್ಲುಂಟು?

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಆ್ಯಪ್ ಹಗುರ ಉಂಟು, ಮಳೆಗಾಲದಲ್ಲಿ ನೆಟ್‌ವರ್ಕ್ ಕುಂಟುವಾಗಲೂ ತೆರೆಯುತ್ತದೆ. ಟ್ರೇಡ್ ಆದ ಸುದ್ದಿ ತಕ್ಷಣ ಬರುತ್ತದೆ. ಹಳೆಯ ಟ್ರೇಡ್‌ಗಳನ್ನು ಆ ದಿನದ ಅಂಕಗಳ ಪ್ರಕಾರವೇ ಮತ್ತೆ ಕಟ್ಟಿ ನೋಡುವ ವ್ಯವಸ್ಥೆ ಉಂಟಲ್ಲ, ಅದು ನಿಜಕ್ಕೂ ಚೆನ್ನಾಗಿದೆ. ನಾನು ದುಡ್ಡು ಕೊಟ್ಟದ್ದೇ ಅದಕ್ಕೆ.

ಆ ವ್ಯವಸ್ಥೆಯಲ್ಲೇ ಇದರ ಬಂಡವಾಳವೂ ಗೊತ್ತಾಯಿತು.

2016ರ ಜೂನ್ 29 ತೆಗೆದುಕೊಳ್ಳಿ. ಎಡ್ಮಂಟನ್ ತಂಡ ಟೇಲರ್ ಹಾಲ್‌ನನ್ನು ನ್ಯೂಜೆರ್ಸಿಗೆ ಕೊಟ್ಟು ಆಡಂ ಲಾರ್ಸನ್‌ನನ್ನು ತಂದಿತು. ಒಬ್ಬನಿಗೆ ಒಬ್ಬ, ಪಿಕ್ ಇಲ್ಲ, ಏನೂ ಇಲ್ಲ. ಹಾಲ್ 2010ರ ಡ್ರಾಫ್ಟಿನ ಮೊದಲನೆಯ ಆಯ್ಕೆ, ಗೋಲು ಹೊಡೆಯುವವ. ಲಾರ್ಸನ್ 2011ರ ನಾಲ್ಕನೆಯ ಆಯ್ಕೆ, ಬಲಗೈ ಡಿಫೆನ್ಸ್‌ಮನ್, ಪಾಯಿಂಟ್ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್, ಅಂದರೆ ಅಸಿಸ್ಟ್, ಸೇರಿಸಿದ ಲೆಕ್ಕ) ಹೆಚ್ಚಿಲ್ಲ. ಆ್ಯಪಿನಲ್ಲಿ ಹಾಕಿದರೆ ತಕ್ಕಡಿ ನ್ಯೂಜೆರ್ಸಿ ಕಡೆ ನೆಲಕ್ಕೇ ತಾಗುತ್ತದೆ, ಎಡ್ಮಂಟನ್‌ಗೆ ಕೆಂಪು ಬಣ್ಣದಲ್ಲಿ ಎಚ್ಚರಿಕೆ. 2017-18ರಲ್ಲಿ ಹಾಲ್ 93 ಪಾಯಿಂಟ್ ಮಾಡಿ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನೂ ಗೆದ್ದ ಮೇಲೆ ಎಲ್ಲರೂ ಹೇಳಿದ್ದೂ ಅದನ್ನೇ.

ನಾನು ಒಪ್ಪುವುದಿಲ್ಲ. ಪೂರ್ತಿ ಅಂತೂ ಒಪ್ಪುವುದಿಲ್ಲ. ಎಡ್ಮಂಟನ್ ಹತ್ತು ವರ್ಷ ಪ್ಲೇಆಫ್ ನೋಡಿರಲಿಲ್ಲ. ಮೆಕ್‌ಡೇವಿಡ್, ಡ್ರೈಸೈಟ್ಲ್ ಆಗಲೇ ತಂಡದಲ್ಲಿದ್ದರು, ಗೋಲಿಗೆ ಬರ ಇರಲಿಲ್ಲ, ಹಿಂದೆ ನಿಲ್ಲುವವರಿಗೆ ಬರ ಇತ್ತು. ಅದರಲ್ಲೂ ಬಲಗೈಯವರಿಗೆ. ಎಡಬದಿಯಲ್ಲಿ ಸ್ಟಿಕ್ ಹಿಡಿಯುವ ಎಡಗೈ ಡಿಫೆನ್ಸ್‌ಮನ್‌ಗಳೇ ಲೀಗಿನಲ್ಲಿ ಜಾಸ್ತಿ. ಬಲಗಡೆ ಆಡಿಸಲಿಕ್ಕೆ ಬಲಗೈಯವನು ಸಿಕ್ಕಿದರೆ ಪಕ್ ತಿರುಗಿಸದೆ ನೇರವಾಗಿ ಆಡಬಹುದು, ಬೋರ್ಡಿನ ಬದಿಯಲ್ಲಿ ಸ್ಟಿಕ್ ಸರಿಯಾದ ಕಡೆ ಇರುತ್ತದೆ. ಲಾರ್ಸನ್‌ಗೆ ಆಗ 23 ವರ್ಷ, ವರ್ಷಕ್ಕೆ ಸುಮಾರು 41.7 ಲಕ್ಷ ಡಾಲರ್, 2021ರವರೆಗೆ ಕರಾರು. ಹಾಲ್‌ಗೆ 60 ಲಕ್ಷ. ಹಾಲ್ ಹೋದ ಎರಡು ದಿನಕ್ಕೇ ಅದೇ ಎಡಬದಿಗೆ ಮಿಲನ್ ಲೂಚಿಚ್‌ನನ್ನು ಅಷ್ಟೇ ಸಂಬಳಕ್ಕೆ ತಂದರು. ಮುಂದಿನ ಸೀಸನ್ ಎಡ್ಮಂಟನ್ ಪ್ಲೇಆಫ್ ಸೇರಿತು. ಹಾಲ್‌ಗೆ ಇನ್ನೂ ಜಾಸ್ತಿ ಬರಬೇಕಿತ್ತು ಅನ್ನುವುದನ್ನು ನಾನೂ ಹೇಳುತ್ತೇನೆ, ಕಡಿಮೆ ಅಂದರೆ ಒಂದು ಪಿಕ್ ಆದರೂ. ಆದರೆ ತಕ್ಕಡಿ ನೆಲಕ್ಕೆ ತಾಗುವಷ್ಟು ದೊಡ್ಡ ವ್ಯತ್ಯಾಸ ಖಂಡಿತ ಅಲ್ಲ. ಬಲಗೈ, ವಯಸ್ಸು, ಸಂಬಳ, ಎಷ್ಟು ವರ್ಷದ ಕರಾರು, ಕೊಳ್ಳುವವನಿಗೆ ಎಷ್ಟು ತುರ್ತು, ಇದರಲ್ಲಿ ಆ್ಯಪ್ ಲೆಕ್ಕಕ್ಕೆ ತೆಗೆದುಕೊಂಡದ್ದು ವಯಸ್ಸೊಂದನ್ನೇ. ಉಳಿದದ್ದೆಲ್ಲ ಪಾಯಿಂಟ್.

ಪಾಯಿಂಟಿಗೇ ಬೆಲೆ ಅಂತ ಆದರೆ ಎರಿಕ್ ಕಾರ್ಲ್‌ಸನ್ ಕತೆಯನ್ನು ಹೇಗೆ ವಿವರಿಸುವುದು? ಇದು ನನ್ನ ಮೆಚ್ಚಿನ ಪರೀಕ್ಷೆ.

2018ರ ಸೆಪ್ಟೆಂಬರ್‌ನಲ್ಲಿ ಒಟ್ಟಾವಾ ಅವನನ್ನು ಸ್ಯಾನ್ ಹೋಸೆಗೆ ಕೊಟ್ಟಿತು. ವಯಸ್ಸು 28, ವರ್ಷದ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಎರಡು, ಸಂಬಳ 65 ಲಕ್ಷ, ಕರಾರಿನಲ್ಲಿ ಉಳಿದದ್ದು ಒಂದೇ ವರ್ಷ. ಬದಲಿಗೆ ಟಿಯರ್ನಿ, ಡಿಮೆಲೊ, ಬಾಲ್ಸರ್ಸ್, ಜಾಶ್ ನಾರಿಸ್ ಅನ್ನುವ ನಾಲ್ವರು ಆಟಗಾರರು, ಜೊತೆಗೆ ಪಿಕ್‌ಗಳು. ಅದರಲ್ಲಿ 2020ರ ಮೊದಲ ಸುತ್ತಿನ ಪಿಕ್ ಕೂಡ ಇತ್ತು. ಸ್ಯಾನ್ ಹೋಸೆ ಆ ವರ್ಷ ಮಕಾಡೆ ಬಿದ್ದದ್ದರಿಂದ ಅದು ಮೂರನೇ ಸ್ಥಾನದ ಪಿಕ್ ಆಯಿತು. ಒಟ್ಟಾವಾ ಅದರಲ್ಲಿ ಟಿಮ್ ಷ್ಟುಟ್ಸ್ಲೆಯನ್ನು ತೆಗೆದುಕೊಂಡಿತು, ಇವತ್ತು ಅವನು ಆ ತಂಡದ ಜೀವ. ಟ್ರೇಡ್ ಆದ ದಿನ ಆ ಪಿಕ್‌ಗೆ ಅಷ್ಟು ಬೆಲೆ ಬರುತ್ತದೆ ಅಂತ ಯಾವ ಕ್ಯಾಲ್ಕ್ಯುಲೇಟರ್ ಹೇಳಲಿಕ್ಕೂ ಸಾಧ್ಯ ಇರಲಿಲ್ಲ, ಅದಕ್ಕೆ ನಾನು ಆ್ಯಪನ್ನು ದೂರುವುದಿಲ್ಲ.

ಈಗ 2023. ಅದೇ ಕಾರ್ಲ್‌ಸನ್ 101 ಪಾಯಿಂಟ್ ಮಾಡಿದ. 1991-92ರಲ್ಲಿ ಬ್ರಯಾನ್ ಲೀಚ್ ಮಾಡಿದ ಮೇಲೆ ನೂರು ಮುಟ್ಟಿದ ಡಿಫೆನ್ಸ್‌ಮನ್ ಇನ್ನೊಬ್ಬ ಇರಲಿಲ್ಲ. ಮೂರನೇ ನಾರಿಸ್ ಟ್ರೋಫಿಯೂ ಬಂತು. ಆ್ಯಪ್ ಅವನಿಗೆ ಹೆಚ್ಚುಕಮ್ಮಿ ಪೂರ್ತಿ ಅಂಕ ಕೊಡುತ್ತದೆ. ಆದರೆ ಆ ಆಗಸ್ಟಿನಲ್ಲಿ ಮೂರು ತಂಡ ಸೇರಿ ಮಾಡಿದ ಟ್ರೇಡ್‌ನಲ್ಲಿ ಅವನು ಪಿಟ್ಸ್‌ಬರ್ಗ್‌ಗೆ ಹೋದಾಗ ಸ್ಯಾನ್ ಹೋಸೆಗೆ ಬಂದದ್ದು ಏನು? ಒಂದು ಮೊದಲ ಸುತ್ತಿನ ಪಿಕ್, ಅದೂ ಮೊದಲ ಹತ್ತರೊಳಗೆ ಬಿದ್ದರೆ ಆ ವರ್ಷ ಕೊಡಬೇಕಾಗಿಲ್ಲ ಅನ್ನುವ ಷರತ್ತಿನಲ್ಲಿ. ಮತ್ತೆ ಗ್ರಾನ್ಲಂಡ್, ರುಟ್ಟಾ, ಹಾಫ್‌ಮನ್. ಮೂವರೂ ಬೇರೆಯವರಿಗೆ ಸಂಬಳದ ಭಾರ ಆಗಿದ್ದವರು. ಅದರ ಮೇಲೆ ಕಾರ್ಲ್‌ಸನ್‌ನ ಸಂಬಳದಲ್ಲಿ ವರ್ಷಕ್ಕೆ 15 ಲಕ್ಷ ಡಾಲರ್ ಸ್ಯಾನ್ ಹೋಸೆಯೇ ಹೊತ್ತುಕೊಂಡಿತು.

ಕಾರಣ ಕಣ್ಣೆದುರಿಗೇ ಉಂಟು. ವಯಸ್ಸು 33, ಸಂಬಳ ವರ್ಷಕ್ಕೆ 1.15 ಕೋಟಿ ಡಾಲರ್, ಇನ್ನೂ ನಾಲ್ಕು ವರ್ಷ. ಜೊತೆಗೆ ಅವನ ಒಪ್ಪಿಗೆ ಇಲ್ಲದೆ ಕಳಿಸುವ ಹಾಗಿಲ್ಲ. ಅಂದರೆ ಕೊಳ್ಳಲಿಕ್ಕೆ ಬಂದದ್ದು ನಿಜವಾಗಿ ಬೆರಳೆಣಿಕೆಯ ತಂಡಗಳು. ಮೀನಿನ ದಕ್ಕೆಯಲ್ಲಿ ಒಳ್ಳೆಯ ಅಂಜಲ್ ಇದ್ದರೂ ಕೂಗುವವರು ಇಬ್ಬರೇ ಆದರೆ ರೇಟ್ ಏರುವುದಿಲ್ಲ ಅಲ್ವಾ, ಹಾಗೆ. ಆ್ಯಪ್ ಮೀನಿನ ತೂಕ ನೋಡುತ್ತದೆ, ಕೂಗುವವರನ್ನು ಲೆಕ್ಕ ಮಾಡುವುದಿಲ್ಲ.

ಜೇಕಬ್ ಚಿಕ್ರನ್‌ನದ್ದೂ ಇದೇ ಪಾಠ, ಸ್ವಲ್ಪ ಬೇರೆ ದಾರಿಯಲ್ಲಿ. 2023ರ ಮಾರ್ಚಿನಲ್ಲಿ ಅರಿಜೋನಾದಿಂದ ಒಟ್ಟಾವಾಗೆ ಬಂದಾಗ ಒಂದು ಮೊದಲ ಸುತ್ತಿನ ಪಿಕ್, ಎರಡು ಎರಡನೇ ಸುತ್ತಿನ ಪಿಕ್. 2024ರ ಜುಲೈಯಲ್ಲಿ ಒಟ್ಟಾವಾದಿಂದ ವಾಷಿಂಗ್ಟನ್‌ಗೆ ಹೋದಾಗ ನಿಕ್ ಜೆನ್ಸನ್ ಮತ್ತು ಒಂದು ಮೂರನೇ ಸುತ್ತಿನ ಪಿಕ್. ಎರಡು ಸಲವೂ ಸಂಬಳ 46 ಲಕ್ಷವೇ. ಅವನು ಅಷ್ಟರಲ್ಲಿ ಆಟ ಮರೆತಿರಲಿಲ್ಲ. ಕರಾರಿನಲ್ಲಿ ಒಂದು ವರ್ಷ ಮಾತ್ರ ಉಳಿದಿತ್ತು, ಮುಂದೆ ಎಷ್ಟು ಕೇಳುತ್ತಾನೋ ಅನ್ನುವ ಹೆದರಿಕೆ ಇತ್ತು. ವಾಷಿಂಗ್ಟನ್‌ನಲ್ಲಿ ಮುಂದಿನ ಸೀಸನ್ 20 ಗೋಲು ಹೊಡೆದು ಎಂಟು ವರ್ಷಕ್ಕೆ 7.2 ಕೋಟಿ ಡಾಲರ್‌ನ ಕರಾರು ಮಾಡಿಕೊಂಡ. ಆ್ಯಪಿನಲ್ಲಿ ಆ ಎರಡು ದಿನಗಳ ಅಂಕ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಡಿಫೆನ್ಸ್‌ಮನ್‌ನ ಬೆಲೆ ಅರ್ಧ ಕ್ಯಾಲೆಂಡರಿನಲ್ಲಿ ಇರುತ್ತದೆ ಅಂತ ನಾನು ಗುಂಪಿನಲ್ಲಿ ಹೇಳುತ್ತಾ ಇರುವುದು ಇದಕ್ಕೇ.

ಭಾವನ ಜೊತೆ ದೊಡ್ಡ ಜಗಳ ಆದದ್ದು ಕ್ವಿನ್ ಹ್ಯೂಸ್ ವಿಷಯದಲ್ಲಿ. 2025ರ ಡಿಸೆಂಬರ್‌ನಲ್ಲಿ ವ್ಯಾಂಕೂವರ್ ತನ್ನ ನಾಯಕನನ್ನೇ ಮಿನೆಸೋಟಾಗೆ ಕೊಟ್ಟಿತು. ಬಂದದ್ದು ಮಾರ್ಕೊ ರಾಸಿ, ಝೀವ್ ಬುಯಿಯಂ, ಲಿಯಂ ಓಹ್‌ಗ್ರೆನ್ ಮತ್ತು ಒಂದು ಮೊದಲ ಸುತ್ತಿನ ಪಿಕ್. ಹ್ಯೂಸ್ 2024ರ ನಾರಿಸ್ ವಿಜೇತ, ಆ ಸೀಸನ್ 92 ಪಾಯಿಂಟ್, ಸಂಬಳ 78.5 ಲಕ್ಷ, ಕರಾರು 2027ರ ಬೇಸಿಗೆಯವರೆಗೆ.

ಭಾವ ಆ್ಯಪಿನ ಸ್ಕ್ರೀನ್‌ಶಾಟ್ ಹಾಕಿದರು. ತಕ್ಕಡಿ ಮಿನೆಸೋಟಾ ಕಡೆ ವಾಲಿತ್ತು. "ನೋಡು ಮಾರಾಯ, ಲೂಟಿ ಮಾಡಿದ್ದಾರೆ" ಅಂದರು.

"ಭಾವ, ನೀವು ಪಾಯಿಂಟ್ ನೋಡ್ತಾ ಇದ್ದೀರಿ, ತಾರೀಕು ನೋಡಿ" ಅಂತ ನಾನು. ಇನ್ನು ಕಾದರೆ ಪ್ರತಿ ತಿಂಗಳೂ ಬೆಲೆ ಇಳಿಯುತ್ತಾ ಹೋಗುತ್ತಿತ್ತು. ಡಿಸೆಂಬರ್‌ನಲ್ಲಿ ಕೊಟ್ಟರೆ ಕೊಳ್ಳುವವನಿಗೆ ಎರಡು ಪ್ಲೇಆಫ್ ಸಿಗುತ್ತದೆ, ಮುಂದಿನ ವರ್ಷ ಕೊಟ್ಟರೆ ಒಂದೇ. ಬುಯಿಯಂ 2024ರ ಡ್ರಾಫ್ಟಿನ 12ನೇ ಆಯ್ಕೆ, ಅವನೂ ಡಿಫೆನ್ಸ್‌ಮನ್, ಕಡಿಮೆ ಸಂಬಳದಲ್ಲಿ ಕೆಲವು ವರ್ಷ ಕೈಯಲ್ಲಿ ಇರುತ್ತಾನೆ. ವ್ಯಾಂಕೂವರ್‌ಗೆ ಬೇಕಾದದ್ದೂ ಅದೇ. ಅಲ್ಲಿಂದ ಮಾತು ಬೆಳೆದು ಮಣಿಪಾಲದವರೂ ಸೇರಿ, ಕೊನೆಗೆ ಭಾವ "ಆಯ್ತು, ಲೂಟಿ ಅಲ್ಲ, ಆದರೆ ಗೆದ್ದದ್ದು ಮಿನೆಸೋಟಾವೇ" ಅನ್ನುವಲ್ಲಿಗೆ ಬಂದರು. ಅಷ್ಟು ನನಗೂ ಒಪ್ಪಿಗೆ ಉಂಟು. ಇಷ್ಟು ಒಳ್ಳೆಯ ಆಟಗಾರನನ್ನು ಕಳೆದುಕೊಂಡ ತಂಡ ಗೆದ್ದಿತು ಅಂತ ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಆ್ಯಪಿಗೆ ಗೊತ್ತಿಲ್ಲದ ಇನ್ನೊಂದು ದೊಡ್ಡ ವಿಷಯ ಸ್ಯಾಲರಿ ಕ್ಯಾಪ್ ಏರುತ್ತಿರುವುದು. ಒಂದು ತಂಡ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬಹುದು ಅನ್ನುವ ಮಿತಿ 2024-25ರಲ್ಲಿ 8.8 ಕೋಟಿ ಡಾಲರ್ ಇತ್ತು. 2025-26ಕ್ಕೆ 9.55 ಕೋಟಿ ಆಯಿತು. ಅದರ ಮುಂದಿನ ಎರಡು ಸೀಸನ್‌ಗೆ 10.4 ಮತ್ತು 11.35 ಕೋಟಿ ಅಂತ 2025ರ ಜನವರಿಯಲ್ಲೇ ಅಂದಾಜು ಹೇಳಿದ್ದಾರೆ. ಇದರ ಅರ್ಥ, ನಿನ್ನೆ ದುಬಾರಿ ಅನಿಸಿದ ಕರಾರು ನಾಳೆ ಹದವಾಗಿ ಕಾಣುತ್ತದೆ. ಸೆತ್ ಜೋನ್ಸ್ ನೋಡಿ. 2021ರಲ್ಲಿ ಚಿಕಾಗೊ ಅವನಿಗೋಸ್ಕರ ಎರಡು ಮೊದಲ ಸುತ್ತಿನ ಪಿಕ್ ಸೇರಿಸಿ ಕೊಟ್ಟು, ಮೇಲೆ ವರ್ಷಕ್ಕೆ 95 ಲಕ್ಷ ಡಾಲರ್‌ನಂತೆ ಎಂಟು ವರ್ಷದ ಕರಾರು ಮಾಡಿತು. ಎಲ್ಲರೂ ಬೈದರು. ನನ್ನ ಅಭಿಪ್ರಾಯದಲ್ಲಿ ಬೈದದ್ದು ಸರಿಯೇ. 2025ರ ಮಾರ್ಚ್ 1ರಂದು ಫ್ಲೋರಿಡಾಗೆ ಕೊಡುವಾಗ ಚಿಕಾಗೊ 25 ಲಕ್ಷ ತಾನೇ ಹೊತ್ತುಕೊಂಡಿತು, ಫ್ಲೋರಿಡಾಗೆ ಬಿದ್ದದ್ದು 70 ಲಕ್ಷ. ಬದಲಿಗೆ ಸ್ಪೆನ್ಸರ್ ನೈಟ್ ಅನ್ನುವ ಎಳೆಯ ಗೋಲ್‌ಕೀಪರ್ ಮತ್ತು ಒಂದು ಮೊದಲ ಸುತ್ತಿನ ಪಿಕ್. ಜೂನ್‌ನಲ್ಲಿ ಫ್ಲೋರಿಡಾ ಲೀಗಿನ ಸ್ಟಾನ್ಲಿ ಕಪ್ ಎತ್ತಿತು, ಅತಿ ಹೆಚ್ಚು ಹೊತ್ತು ಐಸ್ ಮೇಲೆ ನಿಂತವರಲ್ಲಿ ಜೋನ್ಸ್ ಒಬ್ಬ. ಹೀಗೆ ಸಂಬಳದ ಒಂದು ಪಾಲನ್ನು ಮಾರುವವನೇ ಇಟ್ಟುಕೊಳ್ಳುವ ಅವಕಾಶ, ಅರ್ಧದವರೆಗೂ ಇಟ್ಟುಕೊಳ್ಳಬಹುದು, ಆ್ಯಪಿನಲ್ಲಿ ಎಲ್ಲೂ ಇಲ್ಲ. ಅದಿಲ್ಲದೆ ಇವತ್ತಿನ ಡಿಫೆನ್ಸ್‌ಮನ್ ಟ್ರೇಡ್ ಕಟ್ಟುವುದಾದರೂ ಹೇಗೆ?

ನನಗೆ ತೀರಾ ಬೇಜಾರಾದದ್ದು ಜೇಕಬ್ ಸ್ಲೇವಿನ್‌ನ ಅಂಕ ನೋಡಿ. ಕ್ಯಾರೊಲಿನಾದ ಈ ಮನುಷ್ಯ ಎದುರಾಳಿಯ ಅತ್ಯುತ್ತಮ ಫಾರ್ವರ್ಡ್‌ಗಳ ಮುಂದೆ ರಾತ್ರಿಯಿಡೀ ನಿಲ್ಲುತ್ತಾನೆ. ಆದರೂ ಪೆನಾಲ್ಟಿ ಇಷ್ಟು ಕಡಿಮೆ ಅಂದರೆ ಶಿಸ್ತಿನ ಆಟಕ್ಕೆ ಕೊಡುವ ಲೇಡಿ ಬಿಂಗ್ ಟ್ರೋಫಿ ಎರಡು ಸಲ ಬಂದಿದೆ, 2021 ಮತ್ತು 2024ರಲ್ಲಿ. ಡಿಫೆನ್ಸ್‌ಮನ್‌ಗಳಿಗೆ ಆ ಟ್ರೋಫಿ ಸಿಗುವುದೇ ಅಪರೂಪ. ಅವನಿಗೆ ಆ್ಯಪ್ ಕೊಟ್ಟ ಜಾಗ ಪವರ್ ಪ್ಲೇಯಲ್ಲಿ (ಪೆನಾಲ್ಟಿಯಿಂದ ಎದುರಾಳಿ ತಂಡಕ್ಕೆ ಆಟಗಾರ ಕಡಿಮೆ ಇರುವ ಹೊತ್ತು) ಪಾಯಿಂಟ್ ಪೇರಿಸುವ, ತನ್ನ ಗೋಲಿನ ಮುಂದೆ ಮಾತ್ರ ಕಾಣೆಯಾಗುವ ಒಂದಷ್ಟು ಹುಡುಗರಿಗಿಂತ ಕೆಳಗೆ. ಬೆಳಿಗ್ಗೆ ಎದ್ದು ಒಂದೇ ಒಂದು ಪೂರ್ತಿ ಮ್ಯಾಚ್ ನೋಡಿದವರೂ ಅವನನ್ನು ಆ ಜಾಗದಲ್ಲಿ ಇಡಲಿಕ್ಕಿಲ್ಲ.

ಸಪೋರ್ಟ್‌ಗೆ ಬರೆದೆ. ಮರ್ಯಾದೆಯಿಂದಲೇ ಉತ್ತರ ಬಂತು. ಅಂಕದಲ್ಲಿ ಪಾಯಿಂಟ್‌ಗೆ ಹೆಚ್ಚು ತೂಕ ಕೊಟ್ಟಿದ್ದೇವೆ, ಫ್ಯಾಂಟಸಿ ಆಡುವವರಿಗೆ ಅದೇ ಬೇಕು ಅಂತ. ಸರಿ, ಫ್ಯಾಂಟಸಿಗೆ ಅದು ನ್ಯಾಯ. ಆದರೆ ಜಾಹೀರಾತಿನಲ್ಲಿ ಬರೆದದ್ದು ನಿಜವಾದ ಟ್ರೇಡ್ ಬೆಲೆ ಅಂತ. ಎರಡೂ ಒಂದೇ ಅಲ್ಲ. ಅದನ್ನು ದುಡ್ಡು ಕಟ್ಟುವ ಮೊದಲು ಸ್ಪಷ್ಟವಾಗಿ ಹೇಳಬೇಕು.

ಹಾಗಾದರೆ ಬೇರೆ ಏನು ಬಳಸುವುದು? ಕರಾರು, ಸಂಬಳ, ಎಷ್ಟು ವರ್ಷ ಉಳಿದಿದೆ, ಯಾವ ತಂಡಕ್ಕೆ ಹೋಗಲಿಕ್ಕೆ ಆಟಗಾರ ಒಪ್ಪಬೇಕು, ಇವೆಲ್ಲ ಪಕ್‌ಪೀಡಿಯಾದಲ್ಲಿ ಸಿಗುತ್ತದೆ. ಅವನು ಐಸ್ ಮೇಲೆ ಇರುವಾಗ ಎರಡೂ ಕಡೆ ಎಷ್ಟು ಶಾಟ್ ಬೀಳುತ್ತದೆ, ಯಾರ ಜೊತೆ ಜೋಡಿ ಆಡುತ್ತಾನೆ ಅನ್ನುವುದಕ್ಕೆ ನ್ಯಾಚುರಲ್ ಸ್ಟಾಟ್ ಟ್ರಿಕ್ ಉಂಟು. ಜೋಡಿಯನ್ನು ನೋಡಲೇಬೇಕು. ಒಳ್ಳೆಯ ಜೊತೆಗಾರನ ಪಕ್ಕದಲ್ಲಿ ನಿಂತು ಚೆನ್ನಾಗಿ ಕಂಡವನನ್ನು ಒಬ್ಬನನ್ನೇ ಕರೆದುಕೊಂಡು ಬಂದು ಕೈಸುಟ್ಟುಕೊಂಡ ತಂಡಗಳು ಬೇಕಾದಷ್ಟು. ಈ ಎರಡೂ ತಾಣ ನಿಮಗೆ ಗೆದ್ದವರು ಯಾರು ಅಂತ ಹೇಳುವುದಿಲ್ಲ, ನೀವೇ ಕೂತು ಯೋಚಿಸಬೇಕು. ನನಗೆ ಅದೇ ಇಷ್ಟ.

ಇಂಥ ತಾಣಗಳ ಮೇಲೂ ಪೂರ್ತಿ ಭರವಸೆ ಇಡುವ ಹಾಗಿಲ್ಲ ಅನ್ನುವುದು ಬೇರೆ ಮಾತು. ಕರಾರು, ಸಂಬಳದ ಮಾಹಿತಿ ಕೊಡುತ್ತಿದ್ದ ಕ್ಯಾಪ್‌ಗೀಕ್ ತಾಣ 2015ರಲ್ಲಿ ನಿಂತುಹೋಯಿತು. ಆಮೇಲೆ ಎಲ್ಲರೂ ನೆಚ್ಚಿಕೊಂಡ ಕ್ಯಾಪ್‌ಫ್ರೆಂಡ್ಲಿಯನ್ನು 2024ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡವೇ ಕೊಂಡು, ಜುಲೈಯಲ್ಲಿ ಸಾರ್ವಜನಿಕರಿಗೆ ಮುಚ್ಚಿತು. ಒಂದು ತಂಡ ಇಡೀ ತಾಣವನ್ನೇ ಕೊಳ್ಳುತ್ತದೆ ಅಂದರೆ ಕರಾರಿನ ಮಾಹಿತಿಗೆ ಎಷ್ಟು ಬೆಲೆ ಉಂಟು ಅಂತ ನೀವೇ ನೋಡಿ. ಈ ಆ್ಯಪ್ ಮಾತ್ರ ಅದನ್ನೇ ಬಿಟ್ಟು ಲೆಕ್ಕ ಹಾಕುತ್ತಿದೆ.

ನೀವು ಫ್ಯಾಂಟಸಿ ಮಾತ್ರ ಆಡುವವರಾದರೆ, ನಿಮ್ಮ ಲೀಗಿನಲ್ಲಿ ಗೋಲು ಮತ್ತು ಅಸಿಸ್ಟ್‌ಗೆ ಮಾತ್ರ ಅಂಕ ಇದ್ದರೆ, ಸುಮ್ನೆ ಒಂದು ತಿಂಗಳಿಗೆ ತೆಗೆದುಕೊಳ್ಳಿ, ಫೆಬ್ರವರಿ ಕೊನೆಗೆ ಶುರು ಮಾಡಿದರೆ ಡೆಡ್‌ಲೈನ್ ಸಿಗುತ್ತದೆ. ಬ್ಲಾಕ್, ಹಿಟ್, ಐಸ್ ಮೇಲಿನ ಸಮಯಕ್ಕೂ ಅಂಕ ಕೊಡುವ ಲೀಗ್ ಆದರೆ ಬೇಡ. ವರ್ಷದ ಪ್ಲಾನ್ ಯಾರಿಗೂ ಬೇಡ. ಯುಪಿಐ ಆಟೋಪೇ ತಾನಾಗಿ ಆನ್ ಆಗಿರುತ್ತದೆ, ಆ್ಯಪ್ ಡಿಲೀಟ್ ಮಾಡಿದರೆ ಅದು ನಿಲ್ಲುವುದಿಲ್ಲ, ನಿಮ್ಮ ಪೇಮೆಂಟ್ ಆ್ಯಪಿಗೆ ಹೋಗಿ ಅಲ್ಲಿಂದಲೇ ರದ್ದು ಮಾಡಬೇಕು. ಸಂಬಳ ಹೊತ್ತುಕೊಳ್ಳುವ ಲೆಕ್ಕ ಮತ್ತು ಕರಾರಿನಲ್ಲಿ ಉಳಿದ ವರ್ಷ, ಈ ಎರಡನ್ನು ಮುಂದಿನ ಅಪ್‌ಡೇಟ್‌ನಲ್ಲಿ ಸೇರಿಸುವ ವಿಚಾರ ಉಂಟು ಅಂತ ಸಪೋರ್ಟಿನವರು ಬರೆದಿದ್ದಾರೆ. ಬಂದರೆ ಇದೇ ಟ್ರೇಡ್‌ಗಳನ್ನು ಮತ್ತೆ ಹಾಕಿ ನೋಡಿ ಸ್ಟಾರ್ ಬದಲಾಯಿಸುತ್ತೇನೆ.